ಪರದೇಶದ ಯುದ್ಧ: ಸುದ್ದಿಮನೆಯ ಹೊಸಬರಿಗೆ ಬಳಕೆ ಕೈಪಿಡಿ

ಮೊದಲು ಯುದ್ಧವನ್ನು ಪೊಟ್ಟಣದಿಂದ ಹೊರತೆಗೆಯಿರಿ. ಒಳಗೆ ಎರಡು ದೇಶ, ಒಂದು ಗಡಿ, ಹಳೆಯದೊಂದು ಜಗಳ ಇರುತ್ತವೆ. ಜಗಳವನ್ನು ಅಲ್ಲೇ ಬಿಡಿ. ಒಂಬತ್ತು ಗಂಟೆಯ ಕಾರ್ಯಕ್ರಮಕ್ಕೆ ಅದು ಬೇಕಾಗುವುದಿಲ್ಲ.

ಸೈರನ್ ಜೋಡಿಸಿ. ಸಿಕಂದರಾಬಾದ್ ಸ್ಟೇಷನ್ ಬಳಿಯ ಇರಾನಿ ಹೋಟೆಲಿನಲ್ಲಿ ಉಸ್ಮಾನಿಯಾ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ಕೂತವನು ಥಟ್ಟನೆ ಟಿವಿಯತ್ತ ತಿರುಗಬೇಕು. ಅಷ್ಟರಲ್ಲಿ ಬಿಸ್ಕತ್ತು ಮುರಿದು ಕಪ್ಪಿನ ತಳ ಸೇರಿದರೆ ಸದ್ದು ಸರಿಯಾಗಿದೆ ಎಂದರ್ಥ. (ಉಕ್ರೇನ್ ಯುದ್ಧದ ಅಬ್ಬರದ ತಲೆಬರಹಗಳ ಬಗ್ಗೆ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2022ರ ಏಪ್ರಿಲ್ 23ರಂದು ಖಾಸಗಿ ವಾಹಿನಿಗಳಿಗೆ ಸಲಹಾಪತ್ರ ಕಳಿಸಿತ್ತು. ಫೈಲಿಗೆ ಹಾಕಿಡಿ.)

ವ್ಯಾಕರಣ. ನಮ್ಮ ಸರ್ಕಾರ ವಿಶ್ವಸಂಸ್ಥೆಯಲ್ಲಿ ಮತ ಹಾಕದೆ ದೂರ ಉಳಿದರೆ ನಿಮ್ಮ ವಾಕ್ಯವೂ ದೂರ ಉಳಿಯಲಿ. ‘ಖಾರ್ಕಿವ್‌ನಲ್ಲಿ ಕ್ಷಿಪಣಿ ಬಿತ್ತು’, ಮಳೆ ಬಿದ್ದ ಹಾಗೆ. ಕರ್ತೃಪದ ಐಚ್ಛಿಕ.

ಈಗ ಮುಖ್ಯ ಬಿಡಿಭಾಗ: ‘ನಮ್ಮವರು’. ಇದಿಲ್ಲದೆ ಯಂತ್ರ ಸ್ಟಾರ್ಟೇ ಆಗದು. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ನವೀನ್, ದಿನಸಿಗೆಂದು ಹೊರಗೆ ಹೋಗಿದ್ದಾಗ ಖಾರ್ಕಿವ್‌ನ ಶೆಲ್ ದಾಳಿಗೆ ಬಲಿಯಾದ. ಯುದ್ಧ ಅಂದು ಕನ್ನಡದ ಮನೆಗಳೊಳಗೆ ಕಾಲಿಟ್ಟಿತು. ಪಿಯುಸಿಯಲ್ಲಿ ಶೇ 97 ತೆಗೆದರೂ ಮಗನಿಗೆ ಇಲ್ಲಿ ಸೀಟು ಸಿಗಲಿಲ್ಲ ಎಂದು ಅವನ ತಂದೆ ಅಂದರು. ಎಚ್ಚರ, ಇಲ್ಲಿ ಯಂತ್ರ ಬಿಸಿಯಾಗುತ್ತದೆ! ಆ ಪ್ರಶ್ನೆ ಒಂದು ಸಂಜೆಗಿಂತ ಹೆಚ್ಚು ಓಡಬಾರದು. ಕೂಡಲೇ ಉಕ್ರೇನಿನಿಂದ ನಮ್ಮವರನ್ನು ಕರೆತರುವ ‘ಆಪರೇಷನ್ ಗಂಗಾ’ ವಿಮಾನ ಇಳಿಸಿ; ಸೀಟಿನ ಪ್ರಶ್ನೆ ಮುಚ್ಚಿಹೋಗುವಷ್ಟು ಅದರ ರೆಕ್ಕೆ ಅಗಲವಿರುತ್ತದೆ.

ಹಳೆಯ ಮಾದರಿ ಬೇಕೆಂದರೆ ಸಿಕಂದರಾಬಾದಿನ ಹೆಸರಲ್ಲೇ ಇದೆ. ಮೊದಲ ಮಹಾಯುದ್ಧದ ಸಾಮ್ ಕದನದಲ್ಲಿ, 1916ರ ಜುಲೈ 14ರಂದು, ಸಿಕಂದರಾಬಾದ್ ಅಶ್ವದಳ ಬ್ರಿಗೇಡಿನ ಡೆಕ್ಕನ್ ಹಾರ್ಸ್ ಸವಾರರು ಭರ್ಜಿ ಹಿಡಿದು ಹೈ ವುಡ್ ಎಂಬ ಕಾಡಿನತ್ತ ನುಗ್ಗಿದರು. ಕಾಡು ಬ್ರಿಟಿಷರ ಕೈಸೇರಿದ್ದು ಸೆಪ್ಟೆಂಬರಿನಲ್ಲಿ. ಆದರೆ ಅಂದಿನ ಕುದುರೆಗಳ ಫೋಟೊ ಇವತ್ತಿಗೂ ಓಡುತ್ತಿದೆ. ಫೋಟೊ ಚೆನ್ನಾಗಿದ್ದರೆ ಕಾಡಿನ ಗೊಡವೆ ಯಾರಿಗೆ?

ದೋಷ ನಿವಾರಣೆ. ‘ನಮ್ಮವರು’ ಕೆಲವೊಮ್ಮೆ ತಪ್ಪು ಸಮವಸ್ತ್ರದಲ್ಲಿ ಬರುತ್ತಾರೆ. ಹೆಲ್ಪರ್ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಹೈದರಾಬಾದಿನ ಯುವಕ ಸತ್ತದ್ದನ್ನು ಮಾಸ್ಕೊದ ಭಾರತೀಯ ರಾಯಭಾರ ಕಚೇರಿ 2024ರ ಮಾರ್ಚ್‌ನಲ್ಲಿ ದೃಢಪಡಿಸಿತು. ಕಲಬುರಗಿಯ ಹುಡುಗರೂ ಅದೇ ಬಲೆಗೆ ಬಿದ್ದಿದ್ದರು. ಇವರ ಕೈಗೆ ಬಂದೂಕು ಕೊಟ್ಟವರು ಯಾರು ಎಂದರೆ ಮೇಲಿನ ವ್ಯಾಕರಣ ಕೆಡುತ್ತದೆ. ಕಳಿಸಿದ್ದು ಯಾರು ಎಂದರೆ ಏಜೆಂಟನ ಜೊತೆಗೆ ನಮ್ಮೂರ ನಿರುದ್ಯೋಗವೂ ಪರದೆಗೆ ಬರುತ್ತದೆ. ಆದ್ದರಿಂದ ಇದನ್ನು ಕ್ರೈಮ್ ಡೆಸ್ಕಿಗೆ ಸಾಗಹಾಕಿ. ಅದೇ 2024ರ ಸೆಪ್ಟೆಂಬರಿನಲ್ಲಿ ಕಲಬುರಗಿಯವರು ಶಂಷಾಬಾದ್ ವಿಮಾನ ನಿಲ್ದಾಣಕ್ಕೆ ಬಂದಿಳಿದ ಹಾಗೆ ಯಾರಾದರೂ ಬದುಕಿ ಬಂದರೆ ಒಂದು ಬೈಟ್ ಸಾಕು, ಚರ್ಚೆಗೆ ಕೂರಿಸಬೇಡಿ. ಕಂದಕ ತೋಡಿದವರಿಗೆ ನಕಾಶೆಯ ಮೇಲೆ ಬಾಣ ಎಳೆಯಲು ಬರುವುದಿಲ್ಲ. ಅದಕ್ಕೆಂದೇ ನಿವೃತ್ತ ಮೇಜರ್ ಜನರಲ್ ಸಾಹೇಬರು ಎಂಟೂಮುಕ್ಕಾಲಕ್ಕೇ ಬಂದು ಮೇಕಪ್ ಹಾಕಿಸಿಕೊಳ್ಳುತ್ತಿರುತ್ತಾರೆ.