ಜಡ್ಡಿಯಲ್ಲಿ ಏನೂ ಕಾಣದ ಸಾಹೇಬರಿಗೆ

ಪರಿಸರ ಪರಿಣಾಮ ವರದಿ ಬರೆಯುವ ಮಾನ್ಯ ಸಲಹೆಗಾರರೇ,

ನಾನು ಸಿದ್ದಾಪುರ ತಾಲ್ಲೂಕಿನ ಒಬ್ಬ ಅಡಿಕೆ ಬೆಳೆಗಾರ. ನಿಮ್ಮ ವರದಿಯ ಸಾರಾಂಶ ಊರೆಲ್ಲ ಕೈ ಬದಲಾಯಿಸಿ, ಚಹಾದ ಕಲೆ ಸಮೇತ ನನ್ನ ಜಗಲಿಗೂ ಬಂತು. "ಕಾಮಗಾರಿ ಪ್ರದೇಶದಲ್ಲಿ ಅಪರೂಪದ ಸಸ್ಯಗಳು ಕಂಡುಬಂದಿಲ್ಲ" ಎಂದು ಓದಿ ಮನಸ್ಸು ಹಗುರಾಯಿತು. ಇಷ್ಟು ದಿನ ಇವೆ ಅಂದುಕೊಂಡು ಸುಮ್ಮನೆ ಕಾಯುತ್ತಿದ್ದೆವು.

ನೀವು ಏಪ್ರಿಲ್‌ನಲ್ಲಿ ಬಂದದ್ದು ಜಾಣತನ. ಆಗಸ್ಟ್‌ನಲ್ಲಿ ಬಂದಿದ್ದರೆ ಚಿರೆಕಲ್ಲಿನ ಬಯಲಲ್ಲಿ ನೀಲಿ ಚೆಲ್ಲಿದ ಹಾಗೆ ಅರಳುವ ಹುಳ ಹಿಡಿಯುವ ಗಿಡಗಳು, ಬಿಳಿ ಗುಂಡಿಯಂಥ ಹೂತಲೆ ಹೊತ್ತ ಹುಲ್ಲಿನಂಥವು ಎಲ್ಲ ಕಾಲಿಗೆ ತೊಡರಿ ವರದಿ ಉದ್ದವಾಗುತ್ತಿತ್ತು. ಅವು ಮಳೆ ಜೊತೆ ಬಂದು ಮಳೆ ಜೊತೆ ಹೋಗುವ ಪೈಕಿ. ಟೆಂಡರಿನ ದಿನಾಂಕ ನೋಡಿಕೊಂಡು ಹೂ ಬಿಡುವ ಶಿಸ್ತು ಅವುಗಳಿಗಿಲ್ಲ.

ಆದರೆ ನಮ್ಮ ರಾಮಪತ್ರೆ ಜಡ್ಡಿ ಹಾಗಲ್ಲ. ಅಲ್ಲಿ ಹನ್ನೆರಡು ತಿಂಗಳೂ ನೀರು. ಕೆಸರಿನಿಂದ ಬೇರುಗಳು ಮಂಡಿ ಮಡಚಿದ ಹಾಗೆ ಮೇಲೆದ್ದು ಉಸಿರಾಡುತ್ತವೆ. ಎಡವದೆ ಹತ್ತು ಹೆಜ್ಜೆ ಇಡಲು ನನಗೇ ಆಗುವುದಿಲ್ಲ. ಅದನ್ನೂ ಕಾಣದೆ ದಾಟಿದಿರಲ್ಲ, ಅಲ್ಲಿ ನಾನು ಸೋತೆ. ನಿಮ್ಮ ಪಟ್ಟಿಯಲ್ಲಿ "ನೇರಳೆ, ಸಾಮಾನ್ಯ" ಎಂದಿದೆ. ತಿರುವಾಂಕೂರಿನ ಹೆಸರು ಹೊತ್ತ, ಅಳಿದೇ ಹೋಯಿತೆಂದು ಒಂದು ಕಾಲಕ್ಕೆ ಭಾವಿಸಿದ್ದ ನೇರಳೆಯ ದಾಯಾದಿಯೊಂದು ನಮ್ಮದೇ ತಾಲ್ಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ ಸಿಕ್ಕಿದೆ. ನೀವು ಕಂಡದ್ದು ಯಾವುದು ಎಂದು ಕೇಳುವುದಿಲ್ಲ. ಹಣ್ಣು ತಿಂದು ನೋಡುವಷ್ಟು ಹೊತ್ತು ನಿಮಗೆಲ್ಲಿ? ಕಾಡುಗೇರಿನ ನೆಂಟ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್‌ಗೆ 2000ರಲ್ಲಷ್ಟೇ ನಾಮಕರಣವಾಯಿತು. ಊರಿನ ಹೆಸರನ್ನೇ ಹೆಸರಾಗಿಸಿಕೊಂಡ ಮರಕ್ಕೂ ನಿಮ್ಮಲ್ಲಿ ವಿಳಾಸ ಸಿಗಲಿಲ್ಲ.

ಇನ್ನು ಪರಿಹಾರ ಕ್ರಮಗಳು. ಅಕಸ್ಮಾತ್ ಅಪರೂಪದ ಮರ ಸಿಕ್ಕರೆ ಕೆಂಪು ರಿಬ್ಬನ್ ಸುತ್ತಿ ಐದನ್ನು ಉಳಿಸುತ್ತೀರಂತೆ. ಸಂತೋಷ. ಆದರೆ ಸ್ವಾಮಿ, ರಾಮಪತ್ರೆಯ ವಂಶದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಅದೇ ವಂಶದ ಜಾಯಿಕಾಯಿ ನೆಟ್ಟು ಏಳೆಂಟು ವರ್ಷ ಗೊಬ್ಬರ ಹೊತ್ತು, ಕೊನೆಗೆ ಅದು ಗಂಡೆಂದು ತಿಳಿದು ತಲೆ ಮೇಲೆ ಕೈಹೊತ್ತವರು ನಮ್ಮಲ್ಲಿ ಕೇರಿಗಿಬ್ಬರು. ರಿಬ್ಬನ್ ಕಟ್ಟುವವನು ಅಷ್ಟು ವಿಚಾರಿಸಿಯಾನೇ? ಐದೂ ಗಂಡಾದರೆ ನೀವು ಉಳಿಸಿದ್ದು ಮರವಲ್ಲ, ಬ್ರಹ್ಮಚಾರಿಗಳ ಮಠ.

"ಬೀಜ ಸಂಗ್ರಹಿಸಿ ಕಾಮಗಾರಿ ಮುಗಿದ ಮೇಲೆ ಬಿತ್ತಲಾಗುವುದು" ಎಂದೂ ಇದೆ. ರಾಮಪತ್ರೆಯ ಬೀಜ ಒಣಗಿದರೆ ಸತ್ತಿತು. ಡಬ್ಬಿಯಲ್ಲಿಟ್ಟು ಬಿಲ್ಲು ಪಾಸಾಗುವವರೆಗೆ ಕಾಯುವ ಜಾತಿಯದಲ್ಲ. ಗಿಡ ಕಿತ್ತು ಬೇರೆಡೆ ನೆಡುವ ಯೋಜನೆಗೂ ನನ್ನ ಪೂರ್ಣ ಬೆಂಬಲವಿದೆ. ಅದರ ಜೊತೆ ಒರತೆ, ಕೆಸರು, ನೆರಳು, ಮೇಲಿನ ಗುಡ್ಡ ಇಷ್ಟನ್ನು ಲಾರಿಗೆ ಹೇರಿಕೊಂಡು ಹೋದರೆ ಸಾಕು.

ನನಗೆ ಹೆದರಿಕೆ ಮರ ಕಡಿಯುವುದರದ್ದಲ್ಲ. ಜಡ್ಡಿಯ ಒಂದೇ ಒಂದು ಮರ ಮುಟ್ಟದೆ ಅದನ್ನು ಮುಗಿಸಬಹುದು. ಮೇಲ್ಗಡೆ ರಸ್ತೆಗೆ ಮಣ್ಣು ತುಂಬಿ, ಮೋರಿಯನ್ನು ಒಂದು ಮೊಳ ಎತ್ತರಿಸಿದರಾಯಿತು: ಹರಿಯುವ ನೀರು ನಿಲ್ಲುತ್ತದೆ, ಇಲ್ಲವೇ ನಿಂತ ನೀರು ಬತ್ತುತ್ತದೆ. ಕೊರೆದ ಮಣ್ಣು ಮಳೆಗೆ ಇಳಿದು ಬಂದು ಉಸಿರುಬೇರುಗಳನ್ನು ಹೂತರೆ ಮರ ನಿಂತಲ್ಲೇ ಉಸಿರುಗಟ್ಟಿ ಒಣಗುತ್ತದೆ. ರಿಬ್ಬನ್ ಮಾತ್ರ ಕೆಂಪಗೇ ಇರುತ್ತದೆ.

ನಾವೇನೂ ಸಾಚಾ ಅಲ್ಲ ಬಿಡಿ. ಇಲ್ಲಿಯ ಎಷ್ಟೋ ತೋಟಗಳು ಹಿಂದೆ ಜಡ್ಡಿಯೇ. ನಮ್ಮ ಹಿರಿಯರೇ ಕಾಲುವೆ ತೋಡಿ ಅಡಿಕೆ ನೆಟ್ಟದ್ದು. ಆದರೆ ಅವರು "ಇಲ್ಲಿ ಏನೂ ಇರಲಿಲ್ಲ" ಎಂದು ಬರೆದಿಡಲಿಲ್ಲ. 2019ರಲ್ಲಿ ಸರ್ಕಾರದವರು ಶರಾವತಿ ಕಣಿವೆಯ ಅಭಯಾರಣ್ಯವನ್ನು ಸಿಂಗಳೀಕದ ಹೆಸರಿನಲ್ಲಿ ಹಿಗ್ಗಿಸಿದರು. ಸಿಂಗಳೀಕಕ್ಕೆ ಹೆಸರು ಸಿಕ್ಕಿತು, ಅದು ತಿನ್ನುವ ಹಣ್ಣಿನ ಮರಕ್ಕೆ ಒಂದು ಸಾಲೂ ಸಿಗದಿದ್ದರೆ ಹೇಗೆ? ಅದೇ ಕಣಿವೆಯಲ್ಲಿ ಈಗ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆಯ ಮಾತು ನಡೆದಿದೆ. ನಿಮ್ಮಂಥವರಿಗೆ ಕೆಲಸಕ್ಕೆ ಬರವಿಲ್ಲ.

ಮುಂದಿನ ವರದಿಗೆ ಬರುವಾಗ ಜುಲೈನಲ್ಲಿ ಬನ್ನಿ. ಊಟ ನಮ್ಮಲ್ಲೇ. ಉಂಬಳಕ್ಕೆ ಹಚ್ಚಲು ಸುಣ್ಣ, ತಂಬಾಕು ಕೊಡುತ್ತೇನೆ. ಗಮ್‌ಬೂಟು ಮಾತ್ರ ನಿಮ್ಮದೇ ತನ್ನಿ. ನಿಮ್ಮ ತಂಡದವರದ್ದೊಂದು ಎಡಗಾಲಿನ ಬೂಟು, ಪುಟ 41ರಲ್ಲಿ "ಒಣ ಭೂಮಿ" ಎಂದು ನೀವು ಬರೆದ ಜಾಗದಲ್ಲೇ, ಮೊಣಕಾಲುದ್ದದ ಕೆಸರಲ್ಲಿ ಇನ್ನೂ ಹೂತಿದೆ. ಎಳೆದು ನೋಡಿದೆವು, ಬರಲಿಲ್ಲ.

ಇಂತಿ,
ಜಡ್ಡಿಯ ಪಕ್ಕದ ಮನೆಯವ