ಸೇಫ್ಟಿ ಸಾಹೇಬ್ರು

ಸುಗ್ಗಿ ಬಂತೆಂದರೆ ದಢೇಸುಗೂರಿನ ಸೇತುವೆ ಮೇಲೆ ಭತ್ತದ ಲಾರಿಗಳು ಸಾಲುಗಟ್ಟುತ್ತವೆ. ಈ ಸೀಮೆಯ ಅಕ್ಕಿ ಗಿರಣಿಗಳಲ್ಲಿ ಸೇಫ್ಟಿ ಸಾಹೇಬರು ಪ್ರತ್ಯಕ್ಷರಾಗುವುದೂ ಆಗಲೇ. ಸೇಫ್ಟಿ ಆಫೀಸರ್ ಇರಲೇಬೇಕೆಂದು 2025ರವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆ ಹೇಳುತ್ತಿದ್ದುದು 1000 ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿರುವ ಕಡೆ. ಗಿರಣಿಯಲ್ಲಿ ಅಷ್ಟು ಜನ ಎಲ್ಲಿ? ಹಾಗಾಗಿ ಲೆಕ್ಕ ಬರೆಯುವ ಗುಮಾಸ್ತರ ತಲೆಗೇ ಸಾವ್ಕಾರರು ಹಳದಿ ಹೆಲ್ಮೆಟ್ ಇಟ್ಟಿರುತ್ತಾರೆ.

ಸಾಹೇಬರ ಡೈರಿಯ ಮೊದಲ ಪುಟದಲ್ಲಿ ಕೆಂಪು ಶಾಯಿಯ ಒಂದೇ ಸಾಲು: 'ಎಲಿವೇಟರ್ ಬೆಲ್ಟಿಗೆ ಜಾಳಿ.' ಯೋಚನೆ ಸರಿಯಾದದ್ದೇ. ತಿರುಗುವ ಬೆಲ್ಟು ಟವೆಲ್ಲಿನ ಅಂಚು ಹಿಡಿದರೆ ಕೈಯನ್ನೂ ಬಿಡುವುದಿಲ್ಲ. ಇಂಥವಕ್ಕೆ ಭದ್ರವಾದ ತಡೆ ಇರಬೇಕೆಂದು 1948ರ ಅದೇ ಕಾಯ್ದೆಯ 21ನೇ ಕಲಮೇ ಹೇಳುತ್ತಿತ್ತು.

ಬೆಳಿಗ್ಗೆ ಅಳತೆ ಟೇಪು ಹಿಡಿದು ಹೊರಡುತ್ತಾರೆ. ಬಾಗಿಲಲ್ಲೇ ಹಮಾಲನ ಬರಿಗಾಲು ಕಣ್ಣಿಗೆ ಬೀಳುತ್ತದೆ.

"ಬೂಟು ಎಲ್ಲೋ?"

"ಚೀಲ ಹೊತ್ತು ಹಲಗಿ ಹತ್ತಾಕ ಬೂಟು ಜಾರ್ತಾವ್ರೀ ಸಾಹೇಬ್ರ."

ಈ ವಾದ ಚಹಾದ ಹೊತ್ತಿನ ತನಕ. ಆಮೇಲೆ ಬೆಂಕಿ ಬಕೆಟ್ಟಿಗೆ ಬಣ್ಣ, ರಿಜಿಸ್ಟರಿಗೆ ರಟ್ಟು, ಇನ್‌ಸ್ಪೆಕ್ಟರ್ ಬರುತ್ತಾರಂತೆ ಎಂಬ ಗಾಳಿಸುದ್ದಿ. ಹಾಗಂತ ಸಾಹೇಬರು ಸೋಮಾರಿಯಲ್ಲ. ಅವರ ದಾರಿ ತಪ್ಪಿಸುವುದೆಲ್ಲ ಸುರಕ್ಷತೆಯ ವೇಷದಲ್ಲೇ ಬರುತ್ತದೆ, ಅದೇ ತೊಂದರೆ.

ಮಾರ್ಚ್ 4 ಬಂದರೆ ಮುಗಿಯಿತು. 1966ರಲ್ಲಿ ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿದ ದಿನವದು. ಸುರಕ್ಷತಾ ದಿನದ ಫ್ಲೆಕ್ಸಿನಲ್ಲಿ ಸಾವ್ಕಾರರ ಫೋಟೊ ದೊಡ್ಡದಿರಬೇಕೋ ಊರ ಮುಖಂಡರದೋ ಎಂಬುದಕ್ಕೆ ಒಂದು ವಾರ. ಕೊನೆಗೆ ಅದನ್ನು ಕಟ್ಟಿದ್ದು ಎಲಿವೇಟರ್ ಪಕ್ಕದ ಕಂಬಕ್ಕೆ. ಮೂಲೆ ಬೆಲ್ಟಿಗೆ ಸಿಕ್ಕಿ ಪರ್ರನೆ ಹರಿಯಿತು. ಹರಿದದ್ದು ಮುಖಂಡರ ಮೂಗಾದ್ದರಿಂದ ಅಂದೇ ತನಿಖೆ ನಡೆಯಿತು. ವರದಿ: 'ಗಾಳಿ ಜೋರಿತ್ತು.'

ಮುಂದಿನ ವಾರ ಸಾಹೇಬರು ಹೊಳೆಯಾಚೆ ಸಿರುಗುಪ್ಪಕ್ಕೆ ಅಕ್ಕನ ಮಗಳ ಮದುವೆಗೆ ಹೋದರು. ಬೂಟು ಕೇಳುವವರಿಲ್ಲ, ಬಣ್ಣ ತೋರಿಸುವವರಿಲ್ಲ. ಮಧ್ಯಾಹ್ನ ಕರೆಂಟು ಹೋದಾಗ ಮೇಸ್ತ್ರಿ ಹಳೇ ಜರಡಿಯ ತಂತಿಬಲೆಯನ್ನು ಚೌಕಟ್ಟಿಗೆ ಬಿಗಿದು, ನಾಲ್ಕು ಬೋಲ್ಟು ಹಾಕಿ, ಬೀಡಿ ಸೇದಲು ಗೇಟಿನಾಚೆ ಹೋದ. ಮರಳಿ ಬಂದ ಸಾಹೇಬರು ಜಾಳಿಯ ಮುಂದೆ ಹೆಲ್ಮೆಟ್ ಹಾಕಿ ನಿಂತು ಫೋಟೊ ತೆಗೆಸಿಕೊಂಡರು. ವಾಟ್ಸಾಪ್ ಸ್ಟೇಟಸ್ಸು ಹೀಗಿತ್ತು: 'ಪಟ್ಟ ಶ್ರಮ ಫಲಿಸಿತು.'

ಗಿರಣಿ ಮಾಲೀಕರಲ್ಲಿ ಒಂದು ವಿನಂತಿ. ನಿಮ್ಮಲ್ಲೂ ಇಂಥ ಸಾಹೇಬರಿದ್ದರೆ ಸುಗ್ಗಿಗೆ ಮೊದಲೇ ಅವರಿಗೆ ವಾರ ರಜೆ ಕೊಡಿ, ಮೇಸ್ತ್ರಿಯ ಕೈಗೆ ನಾಲ್ಕು ಬೋಲ್ಟು ಕೊಡಿ.