ಕಾಟಾ ಏರದ ಟಗರು

ರೋಣದ ಸೀಮೆಯಲ್ಲಿ ಕುರಿಯ ತೂಕ ಕೇಳುವವನನ್ನು ಮಂದಿ ಅನುಮಾನದಿಂದ ನೋಡುತ್ತಾರೆ. ಹಲ್ಲು ಎಷ್ಟು ಅಂತ ಕೇಳಬಹುದು. ಟಗರಿನ ಕಾಳಗದ ಕಣದಲ್ಲಿ ಜೋಡಿ ಹಚ್ಚುವುದೂ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಎಂಬ ಲೆಕ್ಕದಲ್ಲೇ. ಬೆನ್ನ ಮೇಲೆ ಕೈಯಾಡಿಸಿ ಎಲುಬು ಹತ್ತುತ್ತದೋ ಇಲ್ಲವೋ ನೋಡಬಹುದು. ಕಿಲೋ ಮಾತ್ರ ಕೇಳಬಾರದು. ಅಮೀನಗಡದ ಸಂತೆಯಿರಲಿ, ಕೆರೂರಿನದಿರಲಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಮುಗಿಸುವ ವ್ಯವಹಾರ ಅದು. ಮಾರಿದವನಿಗೆ ರೊಕ್ಕ ಗೊತ್ತು, ಕೊಂಡವನಿಗೆ ತೂಕ ಗೊತ್ತು, ನಡುವಿನ ದಲಾಲನಿಗೆ ಎರಡೂ ಗೊತ್ತು.

ನನಗೆ ಕಾಟಾ ಬೇಕಾದದ್ದು ಮಾರುವುದಕ್ಕಲ್ಲ, ಜಂತಿನ ಔಷಧಕ್ಕೆ. ಅಲ್ಬೆಂಡಜೋಲ್ ಕುಡಿಸಬೇಕಾದರೆ ಕುರಿಯ ಕಿಲೋಗೆ 7.5 ಮಿಲಿಗ್ರಾಂ. ನೂರಕ್ಕೆ ಎರಡೂವರೆಯ ಔಷಧವಾದರೆ 20 ಕಿಲೋ ಮರಿಗೆ 6 ಮಿಲಿ, 30 ಕಿಲೋ ಕುರಿಗೆ 9 ಮಿಲಿ. ಕಡಿಮೆ ಬಿದ್ದರೆ ಗಟ್ಟಿ ಹುಳ ಉಳಿದು, ಅವುಗಳ ಸಂತಾನ ಆ ಔಷಧಕ್ಕೆ ಜಗ್ಗುವುದಿಲ್ಲ. ಕಾಕಾನ ಪದ್ಧತಿ ಬೇರೆ: “ಸಣ್ಣದಕ್ಕ ಒಂದು ಮುಚ್ಚಳ, ದೊಡ್ಡದಕ್ಕ ಒಂದೂವರಿ.” ಈ ಪದ್ಧತಿಯ ಬಗ್ಗೆ ಹುಳಗಳಿಂದ ಇದುವರೆಗೆ ಯಾವ ತಕರಾರೂ ಬಂದಿರಲಿಲ್ಲ.

ಕಾಟಾ ಇಲ್ಲದೆಯೂ ತೂಕ ಹಿಡಿಯುವ ಹಾದಿಯೊಂದಿದೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಭುಜದಿಂದ ಹಿಂಬದಿಯ ಎಲುಬಿನ ತನಕ ಉದ್ದ, ಎರಡನ್ನೂ ಸೆಂಟಿಮೀಟರಿನಲ್ಲಿ ಅಳೆಯಬೇಕು. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 10,840ರಿಂದ ಭಾಗಿಸಿದರೆ ಕಿಲೋ ಬರುತ್ತದೆ. ಎದೆ 75, ಉದ್ದ 65 ಇದ್ದರೆ ಸುಮಾರು 34 ಕಿಲೋ. ಆದರೆ ಉಣ್ಣೆ ಕತ್ತರಿಸದ ದಖ್ಖನಿ ಕುರಿಗೆ ಟೇಪು ಸುತ್ತಿದರೆ ಅರ್ಧ ಅಳತೆ ಕಂಬಳಿಯದೇ ಆಗುತ್ತದೆ. ಮೇಲಾಗಿ ಟೈಲರನ ಟೇಪು ಹಿಡಿದು ಹಟ್ಟಿಗೆ ಹೋದವನಿಗೆ ಓಣಿಯಲ್ಲಿ ಮಾನ ಉಳಿಯುವುದಿಲ್ಲ. “ಟಗರಿಗೆ ಅಂಗಿ ಹೊಲಸ್ತೀಯೇನೋ?” ಅಂತ ದೊಡ್ಡವ್ವ ಎಲ್ಲರೆದುರು ಕೇಳಿದಳು.

ಕಾಟಾ ತರಲೇಬೇಕು ಎಂದು ಹಟ ಹಿಡಿದವನು ನರಗುಂದದ ಸೋದರಮಾವ. ನರಗುಂದದವರಿಗೆ ಲೆಕ್ಕ ಕೇಳುವ ಗುಣ ಹುಟ್ಟಿನಿಂದಲೇ ಬಂದದ್ದು. 1980ರಲ್ಲಿ ಮಲಪ್ರಭಾ ನೀರಾವರಿಯ ಕರದ ವಿರುದ್ಧ ಎದ್ದು ನಾಡನ್ನೇ ಅಲುಗಾಡಿಸಿದ ರೈತರ ಊರದು. “ರೈತ ತನ್ನ ಮಾಲು ತಾನ ತೂಗಬೇಕೋ, ಮಂದಿ ಕೈಯಾಗಲ್ಲ” ಎಂದು ಮಾವ ಭಾಷಣ ಮಾಡಿದ. ರೊಕ್ಕದ ಮಾತು ಬಂದಾಗ ಮಾತ್ರ ಬಸ್ಸಿಗೆ ಹೊತ್ತಾಯಿತೆಂದು ಎದ್ದ.

ಮೊದಲಿಗೆ ಸ್ಪ್ರಿಂಗ್ ಕಾಟಾ. ಅಗ್ಗ, ಹಗುರ, ಕರೆಂಟು ಬೇಡ. ಗೋಣಿಚೀಲಕ್ಕೆ ನಾಲ್ಕು ತೂತು ಮಾಡಿ ಕಾಲು ಇಳಿಬಿಟ್ಟು ಬೇವಿನ ಕೊಂಬೆಗೆ ತೂಗುಹಾಕಿದರೆ ಮರಿಗಳಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ದೊಡ್ಡ ಕುರಿಗೆ ಇದು ನಡೆಯುವುದಿಲ್ಲ, ಎತ್ತುವವನ ಸೊಂಟ ಹೋಗುತ್ತದೆ. ಗಾಳಿಯದೂ ಒಂದು ಕಾಟ. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟವರು ಸುಮ್ಮನೆ ನೆಟ್ಟಿಲ್ಲ. ಮುಳ್ಳು ಒಂದು ಕಡೆ ನಿಲ್ಲುವುದರೊಳಗೆ ಮರಿ ಇನ್ನೊಂದು ಸುತ್ತು ತಿರುಗಿರುತ್ತದೆ.

ಹೀಗಾಗಿ ಇಲೆಕ್ಟ್ರಾನಿಕ್ ಕಾಟಾದ ಮೇಲೆ ಪಂಜರ ಕಟ್ಟಿಸುವುದೆಂದಾಯಿತು. ಒಳಗಿನ ಕರಾಮತ್ತು ಸರಳ. ನಾಲ್ಕು ಮೂಲೆಗೆ ನಾಲ್ಕು ಲೋಡ್ ಸೆಲ್. ಭಾರ ಬಿದ್ದಾಗ ಆ ಉಕ್ಕಿನ ತುಂಡು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ತೆಳು ತಂತಿ ಹಿಗ್ಗುತ್ತದೆ, ತಂತಿಯಲ್ಲಿ ಹರಿಯುವ ವಿದ್ಯುತ್ತಿಗೆ ತಡೆ ಬದಲಾಗುತ್ತದೆ, ಅದೇ ಅಂಕಿಯಾಗಿ ಕಾಣುತ್ತದೆ. ಕಷ್ಟವಿದ್ದದ್ದು ವೆಲ್ಡಿಂಗ್ ಅಂಗಡಿಯಲ್ಲಿ. ಗಜೇಂದ್ರಗಡದ ನಮ್ಮ ವೆಲ್ಡರ್‌ಗೆ ತೆಳು ಕೆಲಸ ಅಂದರೆ ಅವಮಾನ. “ನಾಳೆ ಎಮ್ಮಿ ನಿಂತರೂ ಬಾಗಬಾರ್ದ್ರಿ” ಎಂದು ದಪ್ಪ ಆ್ಯಂಗಲ್ ಹಾಕಿ ತಯಾರು ಮಾಡಿದ. ಹೊಲಕ್ಕೆ ಒಯ್ಯಬೇಕಾದ ಕಾಟಾವನ್ನು ಅಂಗಡಿಯ ಹೊರಗೆ ತರಲಿಕ್ಕೇ ನಾಲ್ಕು ಮಂದಿ ಬೇಕಾಯಿತು. ಮತ್ತೆ ಕತ್ತರಿಸಿ, ಚೌಕ ಪೈಪು ಹಾಕಿಸಿ, ಒಂದು ತುದಿಗೆ ಗಾಲಿ ಹಚ್ಚಿಸಿದೆ. ಎರಡೂ ತುದಿಗೆ ಬಾಗಿಲು ಬೇಕೇ ಬೇಕು. ಮುಂದೆ ದಾರಿ ಕಾಣದಿದ್ದರೆ ಕುರಿ ಹೆಜ್ಜೆ ಇಡುವುದಿಲ್ಲ. ಪಕ್ಕಕ್ಕೆ ತಗಡು ಮುಚ್ಚಬೇಕು, ಇಲ್ಲದಿದ್ದರೆ ಹೊರಗಿನದೆಲ್ಲ ಕಂಡು ಬೆದರುತ್ತದೆ.

ಕಾಟಾ ಸರಿಯಿದೆಯೋ ನೋಡಲು ನೀರು ಸಾಕು. ಕ್ಯಾನಿನ ತೂಕ ಕಳೆದರೆ 20 ಲೀಟರ್ ನೀರು 20 ಕಿಲೋ. ಕಾಕಾನಿಗೆ ನೀರಿನ ಮೇಲೆ ನಂಬಿಕೆ ಇಲ್ಲ. ಒಳಗಿನಿಂದ ಯೂರಿಯಾ ಚೀಲ ಹೊತ್ತು ತಂದು ದೊಪ್ಪೆಂದು ಇಟ್ಟ. ಅಂಕಿ 45ಕ್ಕೆ ನಿಂತಿತು.

“ಐದು ಕಿಲೋ ನುಂಗಿತು ನೋಡು ನಿನ್ನ ಮಷಿನ್ನು!”

2018ರಿಂದ ಯೂರಿಯಾ ಚೀಲ 50 ಅಲ್ಲ, 45 ಕಿಲೋ ಎಂದು ಹೇಳಿ, ಚೀಲದ ಮೇಲೆ ಅಚ್ಚಾದ ಅಂಕಿಯನ್ನು ಬೆರಳಿಟ್ಟು ತೋರಿಸಿದೆ. ಕಾಕಾ ಚೀಲವನ್ನೊಮ್ಮೆ, ಕಾಟಾವನ್ನೊಮ್ಮೆ ನೋಡಿ, “ಎರಡೂ ಕೂಡ್ಯಾವ ಬಿಡು” ಎಂದ.

ಎರೆಹೊಲದಲ್ಲಿ ಅದನ್ನು ಸಪಾಟಾಗಿ ನಿಲ್ಲಿಸುವುದು ಇನ್ನೊಂದು ಗೋಳು. ಬ್ಯಾಸಗಿಯಲ್ಲಿ ಒಂದು ಕಾಲು ಬಿರುಕಿನೊಳಗೆ ಇಳಿಯುತ್ತದೆ, ಮಳೆಗಾಲದಲ್ಲಿ ನಾಲ್ಕೂ ಹೂತುಕೊಳ್ಳುತ್ತವೆ. ಕಾಟಾ ವಾಲಿದರೆ ತೂಕವೂ ವಾಲುತ್ತದೆ. ಅಡಿಗೆ ಎರಡು ಹಲಗೆ ಹಾಕಿದ ಮೇಲೆ ನಿಂತಿತು. ಅಲ್ಲಿಂದ ಮುಂದಿನದು ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ. ಒಂದು ಒಳಗೆ ಹೋದರೆ ಹಿಂದಿನದು ಅದರ ಬೆನ್ನೇರುತ್ತದೆ. ಕಾಕಾನ ಕೆಂಗುರಿ ಟಗರಂತೂ ಮುಂಗಾಲು ಎರಡು ಇಟ್ಟು, ಅರ್ಧ ತೂಕ ತೋರಿಸಿ ನಿಂತುಬಿಟ್ಟಿತು. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ ಸೀಮೆಯ ಗಾಳಿಯೇ ಹಾಗಿರಬೇಕು, ಹಗ್ಗ ಜಗ್ಗಿದಾಗ ಅದು ಎತ್ತಿದ ತಾರಸಪ್ತಕಕ್ಕೆ ಓಣಿಯ ಮಂದಿಯೆಲ್ಲ ಸೇರಿದರು. ಕಡೆಗೆ ಮುಂದಿನ ಬಾಗಿಲ ಹೊರಗೆ ಒಂದು ಮುದಿ ಕುರಿ ಕಟ್ಟಿದೆವು. ಟಗರು ತಾನಾಗಿ ನಡೆದು ಬಂತು. ಅಂಕಿ 31, 37, 33 ಎಂದು ಕುಣಿದು 34ಕ್ಕೆ ನಿಂತಿತು. ಇಳಿದು ಹೋದ ಮೇಲೂ ಕಾಟಾ ಸೊನ್ನೆಗೆ ಬರಲಿಲ್ಲ. ನೋಡಿದರೆ ಹಿಕ್ಕಿ.

ಔಷಧ ಲೆಕ್ಕಕ್ಕೆ ಸರಿಯಾಗಿ ಬಿತ್ತು. ಅಷ್ಟರಲ್ಲಿ ಸುದ್ದಿ ತಿಳಿದು ಒಬ್ಬ ವ್ಯಾಪಾರಿ ಮನೆಗೇ ಬಂದ. ಕಾಟಾದ ಕಡೆ ತಿರುಗಿಯೂ ನೋಡದೆ ಟಗರಿನ ಹೊಟ್ಟೆಗೆ ಕೈ ಕೊಟ್ಟು ಗೇಣುದ್ದ ಎತ್ತಿ ಇಳಿಸಿದ.

“ಮೂವತ್ನಾಲ್ಕು ಐತಿ.”

ಮಾವ ಅಂದು ಊರಲ್ಲೇ ಇದ್ದ. “ಹಂಗಾರ ಕಿಲೋ ಲೆಕ್ಕದಾಗ ಮಾತಾಡು” ಎಂದು ಎದೆ ಸೆಟೆಸಿದ.

“ಮಾತಾಡೋಣಂತ್ರಿ. ಕೊಂಬು ತಗದು, ಉಣ್ಣಿ ತಗದು, ಮುಂಜಾನೆ ನೀವು ಕುಡಿಸಿದ ನೀರು ತಗದು ತೂಗ್ರಿ. ಅಂದಂಗ ಈ ಕಾಟಾಕ್ಕ ಸರಕಾರದ ಮುದ್ರಿ ಐತೇನ್ರಿ? ಮುದ್ರಿ ಇಲ್ಲದ ಕಾಟಾದಾಗ ತೂಗಿ ಮಾರೂದು ಕಾಯ್ದೆಕ್ಕ ತಪ್ಪಲ್ಲೇನ್ರಿ?”

ಕಾಯ್ದೆಯ ಮಾತು ಬಂದಾಗ ಮಾವ ನನ್ನ ಮುಖ ನೋಡಿದ. ವ್ಯಾಪಾರಿ ಹೆಗಲ ಮೇಲಿನ ಟವೆಲ್ಲು ತೆಗೆದು ಕಾಕಾನ ಕೈ ಮೇಲೆ ಹಾಸಿದ. ಟವೆಲ್ಲಿನ ಒಳಗೆ ಬಹಳ ಹೊತ್ತು ಏನೇನೋ ನಡೆಯಿತು. ಎಷ್ಟಕ್ಕೆ ಹೋಯಿತೆಂದು ಕಾಕಾ ನನಗೆ ಇವತ್ತಿಗೂ ಹೇಳಿಲ್ಲ.